ದುಡ್ಡು ಬಟ್ಟಲಿಗೆ ಬರಲಿಲ್ಲ: ಬೆಂಗಳೂರಿನ ಒಂದು ರಾಮೆನ್ ಊಟದ ಪ್ರಕರಣ

ರಾಮೆನ್ ಅಂದರೆ ಬಿಸಿ ಸಾರಿನಲ್ಲಿ ಬಡಿಸುವ ಜಪಾನಿನ ನೂಡಲ್ಸ್. ಮೊದಲು ಬಿಲ್ಲು ನೋಡೋಣ. ಟೊಂಕೊತ್ಸು ರಾಮೆನ್ 895 ರೂಪಾಯಿ. ಸ್ಪೈಸಿ ಮಿಸೊ ಚಿಕನ್ ರಾಮೆನ್ 845. ವೆಜ್ ಶೋಯು ರಾಮೆನ್ 745. ಎಕ್ಸ್‌ಟ್ರಾ ಮೊಟ್ಟೆ 120. ಐದು ಗ್ಯೋಜಾ, ಅಂದರೆ ಹೂರಣ ತುಂಬಿ ಮಡಚಿದ ಜಪಾನಿ ಮೊಮೊ, ಇರುವ ಪ್ಲೇಟು 525. ಎಡಮಾಮೆ, ಅಂದರೆ ಬೇಯಿಸಿ ಉಪ್ಪು ಉದುರಿಸಿದ ಎಳೆ ಸೋಯಾ ಕಾಯಿ, 395. ನೀರಿನ ಬಾಟಲಿ ಎರಡು, 300. ಇಷ್ಟಕ್ಕೆ 3,825. ಅದರ ಮೇಲೆ ಶೇ 10 ಸರ್ವಿಸ್ ಚಾರ್ಜ್, 382 ರೂಪಾಯಿ 50 ಪೈಸೆ. ಇವೆರಡನ್ನೂ ಕೂಡಿಸಿ ಬಂದ ಮೊತ್ತದ ಮೇಲೆ ಶೇ 5 ಜಿಎಸ್‌ಟಿ. ಕೊನೆಯ ಸಾಲಿನಲ್ಲಿ 4,418.

ತಿಂದವರು ಮೂವರು. ಕುಡಿದದ್ದು ನೀರು ಮಾತ್ರ. ಸಿಹಿ ತಿನಿಸು ಮುಟ್ಟಿಲ್ಲ.

ಬೆಲೆ ಜಾಸ್ತಿ ಅಂತ ಗೊಣಗುವುದು ಸುಲಭ. ಬೆಂಗಳೂರಿನಲ್ಲಿ ಇದಕ್ಕಿಂತ ದುಬಾರಿ ಊಟಗಳಿವೆ. ಅವನ್ನು ತಿಂದು ಖುಷಿಯಿಂದ ಎದ್ದು ಬರುವವರೂ ಇದ್ದಾರೆ. ನನಗೆ ಕುತೂಹಲ ಹುಟ್ಟಿದ್ದು ಬೇರೆ ಕಾರಣಕ್ಕೆ. ಈ ನಾಲ್ಕು ಸಾವಿರದ ನಾನೂರರಲ್ಲಿ ಬಟ್ಟಲಿನೊಳಗೆ ಬಂದದ್ದೆಷ್ಟು? ಉಳಿದದ್ದು ಎಲ್ಲಿಗೆ ಹೋಯಿತು? ಹೋಟೆಲಿನ ಹೆಸರು ಇಲ್ಲಿ ಬೇಡ. ಇದೇ ತಪ್ಪು ಮಾಡುವ ಹೋಟೆಲು ಅದೊಂದೇ ಅಲ್ಲ, ಮತ್ತು ತಪ್ಪು ಹುಟ್ಟುವ ರೀತಿ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ.

ಜಾಗ ಮತ್ತು ಜನ

ನಗರದ ಪೂರ್ವ ಭಾಗ. ಬಾಡಿಗೆಗೆ ಹೆಸರಾದ ರಸ್ತೆ. ಮೊದಲ ಮಹಡಿಯಲ್ಲಿ ಸುಮಾರು ನಲವತ್ತು ಸೀಟಿನ ಹಾಲ್. ಗೋಡೆ ತುಂಬ ನಿಯಾನ್ ದೀಪದ ಜಪಾನಿ ಅಕ್ಷರಗಳು, ಮೇಲೆ ಕಾಗದದ ಲಾಟೀನುಗಳು, ಮೂಲೆಯಲ್ಲಿ ಒಂದು ಪ್ಲಾಸ್ಟಿಕ್ ಚೆರ್ರಿ ಮರ. ಸೆಲ್ಫಿ ತೆಗೆಯಲು ಚೆನ್ನಾದ ಬೆಳಕು. ಮೆನು ಓದಲು ಮಾತ್ರ ಮೊಬೈಲ್ ಟಾರ್ಚ್ ಬೇಕು.

ನನ್ನ ಜೊತೆಗಿದ್ದವರು ಇಬ್ಬರು. ಒಬ್ಬ, ನಾಗೋಯಾದಲ್ಲಿ ಕೆಲವು ವರ್ಷ ಕೆಲಸ ಮಾಡಿ ಬಂದ ಗೆಳೆಯ. ಇನ್ನೊಬ್ಬಳು ನನ್ನ ತಂಗಿ. ಮೊಟ್ಟೆಯನ್ನೂ ಮುಟ್ಟದ ಸಸ್ಯಾಹಾರಿ. ಅನಿಮೆ, ಅಂದರೆ ಜಪಾನಿನ ಕಾರ್ಟೂನು, ನೋಡಿ ನೋಡಿ, ಹಬೆಯಾಡುವ ಆ ಬಟ್ಟಲಿನ ಮುಂದೆ ಒಮ್ಮೆಯಾದರೂ ಕೂರಬೇಕು ಅಂತ ಆಸೆಪಟ್ಟವಳು. ಅಲ್ಲಿಗೆ ಹೋದದ್ದೇ ಅವಳಿಗೋಸ್ಕರ.

ಮೆನು ತೆರೆದ ಕೂಡಲೇ ಒಂದು ಸುಳಿವು ಸಿಕ್ಕಿತು. ಅದರಲ್ಲಿ ಹನ್ನೊಂದು ಬಗೆಯ ರಾಮೆನ್ ಇತ್ತು. ಮುಂದಿನ ಪುಟಗಳಲ್ಲಿ ಸುಶಿ, ಬಾವ್, ಡಿಮ್ ಸಮ್, ಥಾಯ್ ಕರಿ, ಕೊರಿಯನ್ ಫ್ರೈಡ್ ಚಿಕನ್. ಗೆಳೆಯ ಪುಟ ತಿರುವುತ್ತಾ, "ಇಷ್ಟು ಸಾರು ದಿನಾ ಯಾರಪ್ಪಾ ಕುದಿಸ್ತಾರೆ?" ಅಂದ. ಜಪಾನಿನಲ್ಲಿ ರಾಮೆನ್ ಅಂಗಡಿ ಅಂದರೆ ಸಾಮಾನ್ಯವಾಗಿ ಒಂದು ಸಾರು, ಹೆಚ್ಚೆಂದರೆ ಎರಡು. ಬೆಳಿಗ್ಗೆ ಎದ್ದು ಅದನ್ನೇ ಮಾಡುತ್ತಾರೆ. ಅದು ಮುಗಿದರೆ ಬಾಗಿಲು ಹಾಕುತ್ತಾರೆ.

ಇನ್ನೊಂದು ವಿಷಯವೂ ಅವನ ಕಣ್ಣಿಗೆ ಬಿತ್ತು. ಬಿಡದಿಯ ಟೊಯೊಟಾ ಕಾರ್ಖಾನೆ 1999ರ ಕೊನೆಯಲ್ಲಿ ಕಾರು ತಯಾರಿಸಲು ಶುರು ಮಾಡಿದ ಕಾಲದಿಂದಲೂ ಬೆಂಗಳೂರಿನಲ್ಲಿ ಜಪಾನಿನ ಎಂಜಿನಿಯರುಗಳು, ಅವರ ಕುಟುಂಬಗಳು ಇವೆ. ಅವರು ಹೋಗುವ ಸಣ್ಣ ಹೋಟೆಲುಗಳೂ ಇವೆ. ಆ ಸಂಜೆ ನಮ್ಮ ಹಾಲಿನಲ್ಲಿ ಒಬ್ಬ ಜಪಾನಿಯೂ ಇರಲಿಲ್ಲ. ಇದರಿಂದ ಏನೂ ಸಾಬೀತಾಗುವುದಿಲ್ಲ, ನಿಜ. ಆದರೂ ಹೇಳಿಬಿಡುತ್ತೇನೆ.

ಬಟ್ಟಲಲ್ಲಿ ಏನಿರಬೇಕಿತ್ತು

ರಾಮೆನ್ ಜಪಾನಿನ ಬಹಳ ಹಳೆಯ ಅಡುಗೆಯೇನಲ್ಲ. ಅದರ ಮೂಲ ಚೀನಾದ ಗೋಧಿ ನೂಡಲ್ಸ್. 1910ರಲ್ಲಿ ಟೋಕಿಯೊದ ಅಸಾಕುಸಾದಲ್ಲಿ ರೈರೈಕೆನ್ ಎಂಬ ಅಂಗಡಿ ತೆರೆಯಿತು. ಅದರ ಮಾಲೀಕ ಯೊಕೊಹಾಮಾದ ಚೀನೀ ಕೇರಿಯಿಂದ ಅಡುಗೆಯವರನ್ನು ಕರೆತಂದಿದ್ದ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಕ್ಕಿ ಸಾಲದಾಯಿತು. ಅಮೆರಿಕದಿಂದ ಗೋಧಿ ಬಂತು. ತಳ್ಳುಗಾಡಿಗಳಲ್ಲಿ, ರೈಲ್ವೆ ನಿಲ್ದಾಣಗಳ ಬಳಿ ಈ ಊಟ ಹಬ್ಬಿತು. ಇದು ದುಡಿಯುವವರ ಊಟ. ಬೇಗ ಸಿಗಬೇಕು, ಬಿಸಿ ಇರಬೇಕು, ಹೊಟ್ಟೆ ತುಂಬಬೇಕು.

ಬಟ್ಟಲು ಸಿದ್ಧವಾಗುವ ಕ್ರಮ ಹೀಗಿದೆ. ಬಿಸಿ ಮಾಡಿದ ಬಟ್ಟಲಿನ ತಳಕ್ಕೆ ತಾರೆ ಹಾಕುತ್ತಾರೆ. ತಾರೆ ಅಂದರೆ ಉಪ್ಪಿನ ಅಂಶವೆಲ್ಲ ಇರುವ ಗಟ್ಟಿ ರಸ. ಅದು ಸೋಯಾ ಸಾಸಿನದಾದರೆ ಶೋಯು, ಬರೀ ಉಪ್ಪಿನದಾದರೆ ಶಿಯೊ, ಹುದುಗಿಸಿದ ಸೋಯಾದ್ದಾದರೆ ಮಿಸೊ. ಆಮೇಲೆ ಪರಿಮಳದ ಎಣ್ಣೆ. ಮೇಲೆ ಕುದಿಯುವ ಸಾರು. ಸಾರಿನಲ್ಲಿ ಉಪ್ಪು ಇರುವುದಿಲ್ಲ, ಅಥವಾ ಬಹಳ ಕಡಿಮೆ. ನಂತರ ನೂಡಲ್ಸ್, ಕೊನೆಗೆ ಮೇಲೋಗರ. ನೂಡಲ್ಸ್ ಹಿಟ್ಟಿಗೆ ಕಾನ್‌ಸುಯಿ ಎಂಬ ಕ್ಷಾರದ ನೀರು ಬೆರೆಸುತ್ತಾರೆ, ಸೋಡಿಯಂ ಕಾರ್ಬೊನೇಟ್ ಮತ್ತು ಪೊಟ್ಯಾಸಿಯಂ ಕಾರ್ಬೊನೇಟ್ ಇರುವಂಥದ್ದು. ಆ ಹಳದಿ ಬಣ್ಣ, ಆ ಪುಟಿಯುವ ಗುಣ, ಸ್ವಲ್ಪ ಖನಿಜದ ವಾಸನೆ, ಎಲ್ಲ ಬರುವುದು ಅದರಿಂದಲೇ. ಮೊಟ್ಟೆ ಹಾಕದೆಯೂ ನೂಡಲ್ಸ್ ಹಳದಿ ಆಗುತ್ತದೆ.

ಟೊಂಕೊತ್ಸು ಅಂದರೆ ಹಂದಿ ಮೂಳೆಯ ಸಾರು. ಕ್ಯೂಶು ದ್ವೀಪದ ಕುರುಮೆ ಊರಿನಲ್ಲಿ 1937ರಲ್ಲಿ ಶುರುವಾಯಿತು. ಅದು ಮೊದಲು ಇಷ್ಟು ಬೆಳ್ಳಗೆ ಇರಲಿಲ್ಲವಂತೆ. ಮುಂದೊಂದು ದಿನ ಒಬ್ಬ ಅಡುಗೆಯವ ಒಲೆ ಸಣ್ಣ ಮಾಡುವುದನ್ನು ಮರೆತ, ಸಾರು ಉಕ್ಕಿ ಕುದಿದು ಹಾಲಿನ ಬಣ್ಣ ಬಂತು ಅನ್ನುವ ಕತೆ ಅಲ್ಲಿದೆ. ಕತೆ ಹೇಗಾದರೂ ಇರಲಿ, ವಿಜ್ಞಾನ ಸರಿಯಾಗಿದೆ. ಹತ್ತು, ಹನ್ನೆರಡು ಗಂಟೆ ಜೋರು ಉರಿಯಲ್ಲಿ ಕುದಿಸಿದರೆ ಮೂಳೆಯಲ್ಲಿರುವ ಕೊಲಾಜನ್ ಎಂಬ ಪ್ರೋಟೀನು ಕರಗಿ ಅಂಟಂಟಾದ ಜೆಲಾಟಿನ್ ಆಗುತ್ತದೆ. ಕೊಬ್ಬು ಸಣ್ಣ ಸಣ್ಣ ಹನಿಗಳಾಗಿ ಒಡೆದು ನೀರಿನಲ್ಲಿ ಬೆರೆಯುತ್ತದೆ. ಜೆಲಾಟಿನ್ ಆ ಹನಿಗಳನ್ನು ಬೇರೆಯಾಗಲು ಬಿಡುವುದಿಲ್ಲ. ಅದಕ್ಕೇ ಸಾರು ಬೆಳ್ಳಗೆ, ದಪ್ಪಗೆ ಇರುತ್ತದೆ. ಕುಡಿದ ಮೇಲೆ ತುಟಿ ಅಂಟಂಟು ಆಗುತ್ತದೆ. ಒಳ್ಳೆಯ ಟೊಂಕೊತ್ಸು ಗುರುತಿಸಲು ಇದಕ್ಕಿಂತ ಸುಲಭದ ದಾರಿ ನನಗೆ ಗೊತ್ತಿಲ್ಲ.

ಬಟ್ಟಲಲ್ಲಿ ಏನಿತ್ತು

ಗೆಳೆಯನ ಟೊಂಕೊತ್ಸು ಬಂದಾಗ ಹಬೆ ಇರಲಿಲ್ಲ. ಕಲ್ಲಿನಂಥ ದಪ್ಪ ಕಪ್ಪು ಬಟ್ಟಲು, ಮುಟ್ಟಿದರೆ ತಣ್ಣಗೆ. ಬಿಸಿ ಮಾಡದ ಬಟ್ಟಲಿಗೆ ಸಾರು ಸುರಿದರೆ ಮೇಜಿಗೆ ಬರುವಷ್ಟರಲ್ಲಿ ಅರ್ಧ ಬಿಸಿ ಬಟ್ಟಲಿಗೇ ಹೋಗುತ್ತದೆ. ಸಾರಿನ ಮೇಲೆ ಎಣ್ಣೆ ಬೇರೆಯಾಗಿ ತೇಲುತ್ತಿತ್ತು, ಕೆಳಗೆ ಬೂದುಬಿಳಿ ನೀರು. ಅಂದರೆ ಮೇಲೆ ಹೇಳಿದ ಕೊಬ್ಬು ಮತ್ತು ಜೆಲಾಟಿನ್ ಕತೆ ಇಲ್ಲಿ ನಡೆದೇ ಇಲ್ಲ. ತುಟಿ ಅಂಟಲಿಲ್ಲ. ಬಾಯಿಗೆ ಸಿಕ್ಕಿದ್ದು ಉಪ್ಪು. ಅದರ ಹಿಂದೆ ಪೊಟ್ಟಣದ ಸೂಪಿನಲ್ಲಿ ಇರುವ ಚೂಪು ರುಚಿ.

ಚಾಶು, ಅಂದರೆ ಸುತ್ತಿ ಕಟ್ಟಿ ನಿಧಾನಕ್ಕೆ ಬೇಯಿಸಿದ ಹಂದಿಮಾಂಸದ ಬಿಲ್ಲೆ, ಎರಡಿತ್ತು. ಎರಡೂ ಫ್ರಿಜ್ಜಿನಿಂದ ನೇರ ಬಟ್ಟಲಿಗೆ ಬಿದ್ದಿದ್ದವು. ಅಂಚಿನ ಕೊಬ್ಬು ಬೆಳ್ಳಗೆ ಗಟ್ಟಿಯಾಗಿತ್ತು. ಸಾರು ಬಿಸಿ ಇದ್ದಿದ್ದರೆ ಅದಾದರೂ ಕರಗುತ್ತಿತ್ತು. ಒಳ್ಳೆಯ ಹಂದಿಮಾಂಸ ಸಿಗದ ಊರು ಇದಲ್ಲ. ಕೊಡಗಿನ ಪಂದಿ ಕರಿ ಮಾಡುವ ಹೋಟೆಲುಗಳು ಇದೇ ನಗರದಲ್ಲಿ, ಇದರ ಅರ್ಧ ಬೆಲೆಗೆ, ಬಾಯಲ್ಲಿ ಕರಗುವ ಮಾಂಸ ಕೊಡುತ್ತವೆ. ಹಾಗಾಗಿ ಸಾಮಗ್ರಿ ಸಿಗಲಿಲ್ಲ ಅನ್ನುವ ನೆಪ ಒಪ್ಪಲು ಕಷ್ಟ.

ನೂಡಲ್ಸ್ ಬಗ್ಗೆ ಹೇಳುವುದು ಕಡಿಮೆ. ಮೆತ್ತಗಾಗಿ ಒಂದಕ್ಕೊಂದು ಅಂಟಿ ಮುದ್ದೆಯಾಗಿತ್ತು. ಕಾನ್‌ಸುಯಿಯ ಪುಟಿತ ಇಲ್ಲ, ವಾಸನೆಯೂ ಇಲ್ಲ. ಹಕ್ಕಾ ನೂಡಲ್ಸ್ ಪ್ಯಾಕೆಟ್ಟಿನದು ಅನ್ನುವುದು ಗೆಳೆಯನ ಅನುಮಾನ. ಟೊಂಕೊತ್ಸುವಿಗೆ ಹೆಸರಾದ ಹಕಾತದ ಅಂಗಡಿಗಳಲ್ಲಿ ಎಷ್ಟು ಗಟ್ಟಿ ಬೇಕು ಅಂತ ಮೊದಲೇ ಕೇಳುತ್ತಾರೆ. ನೂಡಲ್ಸ್ ಖಾಲಿಯಾದರೆ ನೂರು, ನೂರೈವತ್ತು ಯೆನ್ನಿಗೆ ಇನ್ನೊಂದು ಹಿಡಿ ಬೇಯಿಸಿ ಅದೇ ಸಾರಿಗೆ ಹಾಕಿ ಕೊಡುತ್ತಾರೆ. ಇಲ್ಲಿ ಎಕ್ಸ್‌ಟ್ರಾ ನೂಡಲ್ಸ್ 195 ರೂಪಾಯಿ. ನಾವು ಕೇಳಲಿಲ್ಲ.

ನನ್ನ ಮಿಸೊ ಬಟ್ಟಲಿನಲ್ಲಿ ಜೋಳ, ಬ್ರೊಕೊಲಿ, ಬೇಬಿ ಕಾರ್ನ್ ಇದ್ದವು. ಮೇಲೆ ಟ್ರಫಲ್ ಎಣ್ಣೆಯ ನಾಲ್ಕು ಹನಿ. ಜೋಳವನ್ನು ಬೈಯುವಂತಿಲ್ಲ, ಸಪ್ಪೊರೊದ ಮಿಸೊ ರಾಮೆನ್‌ಗೆ ಜೋಳ ಮತ್ತು ಬೆಣ್ಣೆ ಹಾಕುವುದು ರೂಢಿಯಲ್ಲಿದೆ. ಟ್ರಫಲ್ ಎಣ್ಣೆ ಮಾತ್ರ ಯಾಕೆ ಬಂತು ಅಂತ ಈಗಲೂ ಅರ್ಥವಾಗಿಲ್ಲ. ಬೆಲೆ ಏರಿಸಲು ಅನ್ನುವುದೊಂದೇ ಹೊಳೆಯುವ ಉತ್ತರ. 120 ರೂಪಾಯಿಯ ಮೊಟ್ಟೆಯ ಹಳದಿ ಭಾಗ ಪುಡಿಪುಡಿಯಾಗುವಷ್ಟು ಬೆಂದಿತ್ತು. ಅಜಿತಾಮಾ, ಅಂದರೆ ರಾಮೆನ್‌ಗೆ ಹಾಕುವ ಮೊಟ್ಟೆ, ಮಾಡುವವರು ಆರೂವರೆ, ಏಳು ನಿಮಿಷ ಬೇಯಿಸಿ, ತಣ್ಣೀರಿಗೆ ಹಾಕಿ, ಸಿಪ್ಪೆ ಸುಲಿದು, ಸೋಯಾ ಸಾಸ್ ಮತ್ತು ಮಿರಿನ್ ಎಂಬ ಸಿಹಿ ಅಕ್ಕಿ ಮದ್ಯ ಬೆರೆಸಿದ ರಸದಲ್ಲಿ ರಾತ್ರಿ ನೆನೆಸುತ್ತಾರೆ. ಅದಕ್ಕೆ ಜಪಾನಿನಿಂದ ತರಬೇಕಾದ ಯಂತ್ರವೇನೂ ಬೇಡ. ಗಡಿಯಾರ ಒಂದು ಸಾಕು.

ಎಲ್ಲವೂ ಕೆಟ್ಟದಾಗಿತ್ತು ಅಂತ ಬರೆದರೆ ಸುಳ್ಳಾಗುತ್ತದೆ. ಗ್ಯೋಜಾ ಬಹಳ ಚೆನ್ನಾಗಿತ್ತು. ತಳ ಗರಿಗರಿ, ಮೇಲ್ಭಾಗ ತೆಳು, ಒಳಗಿನ ಹೂರಣದಲ್ಲಿ ರಸ. ಮಡಿಕೆಗಳು ಕೈಯಿಂದಲೇ ಹಾಕಿದ್ದು ಅಂತ ನೋಡಿದರೇ ಗೊತ್ತಾಗುತ್ತಿತ್ತು. ವಿಚಾರಿಸಿದಾಗ ಅಡುಗೆಮನೆಯಲ್ಲಿ ಇರುವವರು ಡಾರ್ಜಿಲಿಂಗ್ ಕಡೆಯ ಹುಡುಗರು ಎಂದು ತಿಳಿಯಿತು. ಚಿಕ್ಕಂದಿನಿಂದ ಮೊಮೊ ಮಡಚಿದ ಕೈಗಳು. ಅವರಿಗೆ ಗೊತ್ತಿರುವ ಕೆಲಸ ಕೊಟ್ಟ ಕಡೆ ಊಟ ಚೆನ್ನಾಗಿ ಬಂದಿದೆ. ರಾಮೆನ್ ಕಲಿಸುವವರು ಯಾರೂ ಅವರಿಗೆ ಸಿಕ್ಕಿರಲಿಲ್ಲ.

ಕಂದು ತ್ರಿಕೋನ

ಇಲ್ಲಿಯವರೆಗಿನದು ರುಚಿಯ ಮಾತು. ಪ್ರಕರಣ ಗಂಭೀರವಾದದ್ದು ತಂಗಿಯ ಬಟ್ಟಲಿನಿಂದ.

ಆರ್ಡರ್ ಕೊಡುವಾಗಲೇ ಅವಳು ಕೇಳಿದ್ದಳು, ವೆಜ್ ಶೋಯು ಸಾರಿನಲ್ಲಿ ಮೀನು ಇದೆಯಾ ಅಂತ. ಸುಮ್ನೆ ಕೇಳಿದ ಪ್ರಶ್ನೆಯಲ್ಲ. ಜಪಾನಿನ ಅಡುಗೆಯಲ್ಲಿ ದಾಶಿ ಎಂಬ ತಳಸಾರು ಎಲ್ಲೆಲ್ಲೂ ಇರುತ್ತದೆ. ಅದರಲ್ಲಿ ಹೆಚ್ಚಾಗಿ ಕತ್ಸುಒಬುಶಿ, ಅಂದರೆ ಒಣಗಿಸಿ ಹೊಗೆ ಕೊಟ್ಟು ತುರಿದ ಬೊನಿಟೊ ಮೀನು, ಇರುತ್ತದೆ. ಅಂಗಡಿಯಲ್ಲಿ ಸಿಗುವ ಕೆಲವು ಮಿಸೊಗಳಲ್ಲೂ, ಬಾಟಲಿಯ ಸೋಯಾ ರಸಗಳಲ್ಲೂ ಅದು ಸೇರಿರುತ್ತದೆ. ಮೀನಿನ ತುಂಡು ಕಣ್ಣಿಗೆ ಕಾಣುವುದಿಲ್ಲ. ಬಡಿಸುವ ಹುಡುಗ, "ಪ್ಯೂರ್ ವೆಜ್ ಮೇಡಂ, ಸೋಯಾ ಸಾಸ್ ಮಾತ್ರ" ಅಂದ. ಮೆನುವಿನಲ್ಲೂ ಅದರ ಮುಂದೆ ಹಸಿರು ಚುಕ್ಕಿ ಇತ್ತು.

ಬಟ್ಟಲು ಬಂತು. ತೆಳ್ಳನೆಯ ಕಂದು ನೀರು, ತೋಫು ನಾಲ್ಕು ತುಂಡು, ಬೊಕ್‌ಚಾಯ್, ಅಣಬೆ. ಅವಳು ಎರಡು ಚಮಚ ಕುಡಿದು ನಿಲ್ಲಿಸಿದಳು. ಗೆಳೆಯ ಒಂದು ಚಮಚ ತೆಗೆದುಕೊಂಡು ನನ್ನ ಮುಖ ನೋಡಿದ. ಹೊಗೆಯ ವಾಸನೆಯ ಮೀನು ಅದರಲ್ಲಿ ಇದೆ ಅಂತ ಅವನಿಗೆ ಖಾತ್ರಿ. ಮ್ಯಾನೇಜರನ್ನು ಕರೆದೆವು. ಬಳಸಿದ ಬಾಟಲಿ ತೋರಿಸಿ ಅಂದೆವು. ಅವರು ಒಳಗೆ ಹೋಗಿ ತಂದೇ ತಂದರು, ಅದಕ್ಕೆ ಅವರನ್ನು ಮೆಚ್ಚಬೇಕು. ಬಾಟಲಿ ಜಪಾನಿನದು. ಹಿಂದೆ ಆಮದು ಮಾಡಿದವರು ಅಂಟಿಸಿದ ಚೀಟಿ. ಚೀಟಿಯಲ್ಲಿ ಕಂದು ಚೌಕದೊಳಗೆ ಕಂದು ತ್ರಿಕೋನ.

ನಮ್ಮ ದೇಶದಲ್ಲಿ ಮಾಂಸಾಹಾರದ ಗುರುತು ಮೊದಲು ಕಂದು ಚುಕ್ಕಿ ಆಗಿತ್ತು. ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಲೇಬಲ್ ನಿಯಮಗಳು ಅದನ್ನು ತ್ರಿಕೋನ ಮಾಡಿದವು. ಬಣ್ಣ ಗುರುತಿಸಲು ಕಷ್ಟ ಇರುವವರಿಗೂ ಆಕಾರದಿಂದ ಗೊತ್ತಾಗುತ್ತದೆ. ಜಪಾನಿ ಓದಲು ಬರಬೇಕಾಗಿಯೂ ಇರಲಿಲ್ಲ. ಆ ಬಾಟಲಿಯನ್ನು ದಿನಾ ಕೈಯಲ್ಲಿ ಹಿಡಿಯುವವರು ಒಮ್ಮೆ ತಿರುಗಿಸಿ ನೋಡಿದ್ದರೆ ಸಾಕಿತ್ತು. ಮ್ಯಾನೇಜರ್ ಮುಖದ ಬಣ್ಣ ಹೋಯಿತು. ವಾದ ಮಾಡಲಿಲ್ಲ.

ಇದರಲ್ಲಿ ನನಗೆ ಹೆಚ್ಚು ಸಿಟ್ಟು ಬರಿಸಿದ ವಿಷಯ ಇನ್ನೊಂದಿದೆ. ಸಸ್ಯಾಹಾರಿ ಸಾರು ರುಚಿಯಾಗಿ ಮಾಡುವ ದಾರಿ ಜಪಾನಿನಲ್ಲೇ ಇದೆ. ಬೌದ್ಧ ಮಠಗಳ ಶೋಜಿನ್ ಅಡುಗೆಯಲ್ಲಿ ಮೀನು, ಮಾಂಸ ಸೇರುವುದಿಲ್ಲ. ಅಲ್ಲಿ ದಾಶಿ ಮಾಡುವುದು ಕೊಂಬು ಎಂಬ ಕಡಲ ಸಸ್ಯದಿಂದ ಮತ್ತು ಒಣಗಿಸಿದ ಶೀಟಾಕೆ ಅಣಬೆಯಿಂದ. 1908ರಲ್ಲಿ ಟೋಕಿಯೊದ ರಸಾಯನ ವಿಜ್ಞಾನಿ ಕಿಕುನಾಯೆ ಇಕೆದಾ ಉಮಾಮಿ, ಅಂದರೆ ಸಾರಿಗೆ ಗಾಢತೆ ಕೊಡುವ ರುಚಿ, ಅದರ ಮೂಲ ಗ್ಲುಟಮೇಟ್ ಎಂಬ ಅಂಶ ಎಂದು ಕಂಡುಕೊಂಡದ್ದು ಕೊಂಬು ಸಾರಿನಿಂದಲೇ. 1957ರಲ್ಲಿ ಅಕಿರಾ ಕುನಿನಾಕಾ, ಶೀಟಾಕೆಯಲ್ಲಿ ಇರುವ ಗ್ವಾನಿಲೇಟ್ ಕೂಡ ಉಮಾಮಿ ಕೊಡುತ್ತದೆ, ಗ್ಲುಟಮೇಟ್ ಜೊತೆ ಸೇರಿದರೆ ರುಚಿ ಹಲವು ಪಟ್ಟು ಏರುತ್ತದೆ ಎಂದು ತೋರಿಸಿದರು. ಕೊಂಬುವನ್ನೂ ಅಣಬೆಯನ್ನೂ ರಾತ್ರಿ ತಣ್ಣೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಸಣ್ಣ ಉರಿಯಲ್ಲಿ ಕಾಯಿಸಿದರೆ ಅರ್ಧ ಕೆಲಸ ಮುಗಿಯಿತು. ಹನ್ನೆರಡು ಗಂಟೆ ಕುದಿಸುವ ಹಂಡೆ ಬೇಡ, ಮೂಳೆ ಬೇಡ. ಸಸ್ಯಾಹಾರಿಗಳು ಇಷ್ಟೊಂದು ಇರುವ ಊರಿನಲ್ಲಿ, ಹನ್ನೊಂದು ರಾಮೆನ್‌ಗಳಲ್ಲಿ ಇದೊಂದನ್ನು ಅವರು ಬೇರೆಯವರಿಗಿಂತ ಚೆನ್ನಾಗಿ ಮಾಡಬಹುದಿತ್ತು. ಅದನ್ನೇ ಬಾಟಲಿಯಿಂದ ಸುರಿದರು.

ಬಿಲ್ಲಿನ ಮೇಲಿನ ಮಾತು

ಸರ್ವಿಸ್ ಚಾರ್ಜ್ ತೆಗೆಯಿರಿ ಅಂದೆವು. "ಅದು ಸ್ಟಾಫ್‌ಗೆ ಹೋಗುತ್ತೆ ಸಾರ್, ನಮ್ಮ ಪಾಲಿಸಿ" ಅನ್ನುವ ಉತ್ತರ ಬಂತು. ಮೆನುವಿನ ಕೊನೆಯ ಪುಟದಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ಬರೆದದ್ದೂ ಇತ್ತು.

ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಹೊರಡಿಸಿದ ಮಾರ್ಗಸೂಚಿ ಹೇಳುವುದು ಸ್ಪಷ್ಟವಾಗಿದೆ. ಹೋಟೆಲು ತಾನಾಗಿಯೇ ಬಿಲ್ಲಿಗೆ ಸರ್ವಿಸ್ ಚಾರ್ಜ್ ಸೇರಿಸುವಂತಿಲ್ಲ. ಬೇರೆ ಹೆಸರಿನಲ್ಲೂ ವಸೂಲಿ ಮಾಡುವಂತಿಲ್ಲ. ಊಟದ ಮೊತ್ತಕ್ಕೆ ಅದನ್ನು ಕೂಡಿಸಿ, ಒಟ್ಟಿನ ಮೇಲೆ ಜಿಎಸ್‌ಟಿ ಹಾಕುವಂತಿಲ್ಲ. ನಮ್ಮ ಬಿಲ್ಲು ಇದನ್ನೇ ಮಾಡಿತ್ತು. ಹೋಟೆಲ್ ಮಾಲೀಕರ ಸಂಘಟನೆಗಳು ಇದನ್ನು ಪ್ರಶ್ನಿಸಿ ದೆಹಲಿ ಹೈಕೋರ್ಟಿಗೆ ಹೋದವು. 2025ರ ಮಾರ್ಚ್ 28ರಂದು ನ್ಯಾಯಾಲಯ ಅವುಗಳ ಅರ್ಜಿ ವಜಾ ಮಾಡಿ ಮಾರ್ಗಸೂಚಿಯನ್ನು ಎತ್ತಿಹಿಡಿಯಿತು. ಗೆಳೆಯ ಮೊಬೈಲಿನಲ್ಲಿ ಅದನ್ನು ತೆಗೆದು ತೋರಿಸಿದ ಮೇಲೆ ಮಾತು ಮುಂದುವರಿಯಲಿಲ್ಲ.

ನೀರಿನ ವಿಷಯದಲ್ಲಿ ನಮ್ಮ ಕೈ ಕಟ್ಟಿತ್ತು. ಸಾದಾ ನೀರು ಕೇಳಿದಾಗ ಬಾಟಲಿ ಬಂತು, ಅದೂ ಮುಚ್ಚಳ ತೆಗೆದೇ ಬಂತು. ಹೋಟೆಲುಗಳು ಬಾಟಲಿ ನೀರನ್ನು ಎಂಆರ್‌ಪಿಗಿಂತ ಹೆಚ್ಚಿನ ಬೆಲೆಗೆ ಮಾರಬಹುದು ಎಂದು ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿದೆ. ಕೂರಲು ಜಾಗ, ಸೇವೆ ಎಲ್ಲ ಸೇರಿ ಅದು ಬರೀ ಮಾರಾಟ ಅಲ್ಲ ಅನ್ನುವ ವಾದ. ಕಾನೂನು ಇರಬಹುದು. 150 ರೂಪಾಯಿಯ ನೀರು ಕುಡಿಯುವಾಗ ಗಂಟಲಲ್ಲಿ ಸರಾಗ ಇಳಿಯುವುದಿಲ್ಲ.

ವೆಜ್ ಬಟ್ಟಲಿನ 745 ತೆಗೆದರು, ಸರ್ವಿಸ್ ಚಾರ್ಜ್ ತೆಗೆದರು. 3,080ಕ್ಕೆ ಜಿಎಸ್‌ಟಿ 154 ಸೇರಿ 3,234 ಕೊಟ್ಟೆವು. ಕೊನೆಗೆ ಒಂದು ಮಾಚಾ ಚೀಸ್‌ಕೇಕ್ ಉಚಿತವಾಗಿ ಬಂತು. ತಂಗಿ ಅದನ್ನು ಮುಟ್ಟಲಿಲ್ಲ.

ಬೆಲೆ ಹೇಗೆ ಹುಟ್ಟುತ್ತದೆ

ಟೋಕಿಯೊದಲ್ಲಿ ರಾಮೆನ್ ಅಂಗಡಿಯವರು ಬಹಳ ಕಾಲದಿಂದ ಸಾವಿರ ಯೆನ್ನಿನ ಗೋಡೆ ಅಂತ ಮಾತಾಡುತ್ತಾರೆ. ಬಟ್ಟಲಿನ ಬೆಲೆ ಸಾವಿರ ದಾಟಿದರೆ ಗಿರಾಕಿ ಹಿಂಜರಿಯುತ್ತಾನೆ ಅನ್ನುವ ಭಯ. ಗೋಧಿ, ಹಂದಿಮಾಂಸ, ಇಂಧನ ಎಲ್ಲ ದುಬಾರಿಯಾದರೂ ಬೆಲೆ ಏರಿಸಲು ಹೆದರಿ ಎಷ್ಟೋ ಸಣ್ಣ ಅಂಗಡಿಗಳು ಮುಳುಗಿವೆ. 2024ರಲ್ಲಿ ಹಾಗೆ ದಿವಾಳಿಯಾದ ಅಂಗಡಿಗಳ ಸಂಖ್ಯೆ ಹಿಂದಿನ ದಾಖಲೆ ಮುರಿಯಿತು. ಸಾವಿರ ಯೆನ್ ಅಂದರೆ ನಮ್ಮ ಲೆಕ್ಕದಲ್ಲಿ 550ರಿಂದ 600 ರೂಪಾಯಿ. ತೆರಿಗೆ ಅದರಲ್ಲೇ ಸೇರಿರುತ್ತದೆ. ಟಿಪ್ಸ್ ಇಲ್ಲ, ನೀರಿಗೆ ದುಡ್ಡಿಲ್ಲ. ಟೋಕಿಯೊದ ಸುಗಾಮೊದಲ್ಲಿದ್ದ ತ್ಸುತಾ ಎಂಬ ಅಂಗಡಿಗೆ 2015ರಲ್ಲಿ ಮಿಶೆಲಿನ್ ಸ್ಟಾರ್ ಬಂದಾಗ ಅಲ್ಲಿದ್ದದ್ದು ಒಂಬತ್ತು ಸೀಟು. ರಾಮೆನ್ ಅಂಗಡಿಯೊಂದಕ್ಕೆ ಅಂಥ ಗೌರವ ಸಿಕ್ಕಿದ್ದು ಅದೇ ಮೊದಲು. ಅಲ್ಲಿನ ಬಟ್ಟಲಿನ ಬೆಲೆ ಕೂಡ ಸಾವಿರ ಯೆನ್ನಿನ ಆಸುಪಾಸಿನಲ್ಲೇ ಇತ್ತು. ನಮ್ಮ ಟೊಂಕೊತ್ಸುವಿಗೆ ಸರ್ವಿಸ್ ಚಾರ್ಜ್, ಜಿಎಸ್‌ಟಿ ಸೇರಿಸಿದರೆ 1,034 ರೂಪಾಯಿ.

ಸಂಬಳ, ತರಕಾರಿ, ಮೊಟ್ಟೆ ಎಲ್ಲ ಬೆಂಗಳೂರಿನಲ್ಲಿ ಅಗ್ಗ. ಹಾಗಿದ್ದೂ ಬಟ್ಟಲು ಯಾಕೆ ದುಬಾರಿ? ಆಮದು ಸಾಮಗ್ರಿ ಅನ್ನುತ್ತಾರೆ. ಸ್ವಲ್ಪ ನಿಜ. ದೊಡ್ಡ ಕಾರಣ ಮಾತ್ರ ಕುರ್ಚಿ.

ಜಪಾನಿನ ರಾಮೆನ್ ಅಂಗಡಿ ನಡೆಯುವ ರೀತಿ ಗೊತ್ತಾಗಬೇಕಾದರೆ ನಮ್ಮ ದರ್ಶಿನಿ ನೆನಪಿಸಿಕೊಳ್ಳಿ. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾದಾಗ ಅದರ ಉಪಾಯ ಇಷ್ಟೇ: ಟೋಕನ್ ತಗೋ, ನಿಂತು ತಿನ್ನು, ಜಾಗ ಬಿಡು. ಜಾಗ ಸಣ್ಣದು, ಜನ ಜಾಸ್ತಿ, ಲಾಭ ತಟ್ಟೆಗೆ ಕಡಿಮೆ, ಆದರೆ ತಟ್ಟೆಗಳು ಸಾವಿರಾರು. ಜಪಾನಿನಲ್ಲೂ ಬಾಗಿಲ ಬಳಿ ಟಿಕೆಟ್ ಯಂತ್ರ, ಒಳಗೆ ಕೌಂಟರ್ ಮುಂದೆ ಸ್ಟೂಲು, ಎದುರಿಗೇ ಅಡುಗೆಯವ. ತಿಂದು ಏಳಲು ಹದಿನೈದು, ಇಪ್ಪತ್ತು ನಿಮಿಷ. ಕೂತು ಹರಟುವವರಿಲ್ಲ, ನೂಡಲ್ಸ್ ಸಾರಿನಲ್ಲಿ ಊದಿಕೊಳ್ಳುವ ಮೊದಲು ತಿನ್ನಬೇಕು ಅನ್ನುವುದು ಅಲ್ಲಿ ಎಲ್ಲರಿಗೂ ಗೊತ್ತು.

ಲೆಕ್ಕ ಹಾಕಿ ನೋಡಿ. ಹತ್ತು ಸೀಟು, ಸೀಟಿಗೆ ಗಂಟೆಗೆ ಮೂವರು. ಮೂರು ಗಂಟೆ ಸಾಲು ಇದ್ದರೆ ತೊಂಬತ್ತು ಬಟ್ಟಲು. ನಮ್ಮ ಹೋಟೆಲಿನಲ್ಲಿ ನಲವತ್ತು ಸೀಟು. ಒಂದು ಮೇಜಿನವರು ಎದ್ದು ಹೋಗಲು ಒಂದೂವರೆ ಗಂಟೆ. ಮೂರು ಗಂಟೆಯಲ್ಲಿ ಎರಡು ಸುತ್ತು, ಹಾಲ್ ಪೂರ್ತಿ ತುಂಬಿದರೂ ಎಂಬತ್ತು ಜನ. ಅವರಲ್ಲಿ ಅರ್ಧ ಜನ ರಾಮೆನ್ ತಿಂದರೆ ನಲವತ್ತು ಬಟ್ಟಲು. ಅಂದರೆ ಒಂದು ಸೀಟಿನಿಂದ ಅಲ್ಲಿ ಒಂಬತ್ತು ಬಟ್ಟಲು, ಇಲ್ಲಿ ಒಂದು. ಆ ಒಂದೇ ಬಟ್ಟಲು ಆ ಜಾಗದ ಬಾಡಿಗೆ ಹೊರಬೇಕು, ಎಸಿ ಹೊರಬೇಕು, ನಿಯಾನ್ ಹೊರಬೇಕು, ಚೆರ್ರಿ ಮರ ಹೊರಬೇಕು. ಬಾಡಿಗೆಯ ಮೇಲೆ ಶೇ 18 ಜಿಎಸ್‌ಟಿ ಬೇರೆ ಇದೆ. ಗಿರಾಕಿಯಿಂದ ಶೇ 5 ಮಾತ್ರ ತೆಗೆದುಕೊಳ್ಳುವ ಹೋಟೆಲುಗಳಿಗೆ ತಾವು ಕಟ್ಟಿದ ಜಿಎಸ್‌ಟಿ ವಾಪಸ್ ಸಿಗುವುದಿಲ್ಲ, 2017ರ ನವೆಂಬರಿನಿಂದ ನಿಯಮ ಹಾಗೇ ಇದೆ. ಆ ಶೇ 18 ಕೂಡ ಕೊನೆಗೆ ಬಟ್ಟಲಿನ ಬೆಲೆಯಲ್ಲೇ ಕೂರುತ್ತದೆ.

ಇಷ್ಟಕ್ಕೇ ನಿಂತಿದ್ದರೆ ದುಬಾರಿ ಬೆಲೆಗೆ ಒಳ್ಳೆಯ ರಾಮೆನ್ನಾದರೂ ಸಿಗುತ್ತಿತ್ತು. ಆದರೆ ಕಡಿಮೆ ಬಟ್ಟಲು ಹೋಗುವ ಕಡೆ ಸಾರು ಕುದಿಸುವುದೇ ನಷ್ಟ. ಹತ್ತು ಬಟ್ಟಲಿಗಾದರೂ, ನೂರು ಬಟ್ಟಲಿಗಾದರೂ ಮೂಳೆಯ ಹಂಡೆ ಹನ್ನೆರಡು ಗಂಟೆ ಕುದಿಯಲೇಬೇಕು. ಗ್ಯಾಸು, ಒಬ್ಬ ಆಳು, ಅಡುಗೆಮನೆಯ ಜಾಗ ಎಲ್ಲ ಬೇಕು. ಅಡುಗೆಮನೆಯನ್ನು ಚಿಕ್ಕದು ಮಾಡಿ ಹಾಲನ್ನು ದೊಡ್ಡದು ಮಾಡಿದ ಮೇಲೆ ಹಂಡೆ ಇಡಲು ಜಾಗ ಎಲ್ಲಿದೆ? ಆಗ ಡಬ್ಬಿಯ ಗಟ್ಟಿ ಸಾರು ಬರುತ್ತದೆ. ಅದಕ್ಕೆ ಬಿಸಿನೀರು ಬೆರೆಸಿದರೆ ಹನ್ನೊಂದಲ್ಲ, ಇಪ್ಪತ್ತು ಬಗೆ ಮಾಡಬಹುದು. ಡಬ್ಬಿಯ ಸಾರು ಬಳಸುವ ಅಂಗಡಿಗಳು ಜಪಾನಿನಲ್ಲೂ ಇವೆ, ಅದು ದೊಡ್ಡ ಪಾಪವೇನಲ್ಲ. ಅದನ್ನು ಹನ್ನೆರಡು ಗಂಟೆ ಕುದಿಸಿದ ಸಾರಿನ ಬೆಲೆಗೆ ಮಾರುವುದು ಪಾಪ.

ಮ್ಯಾನೇಜರ್ ಇದನ್ನೆಲ್ಲ ಮುಚ್ಚಿಡಲಿಲ್ಲ. ಬಿಲ್ಲಿನ ಗಲಾಟೆ ಮುಗಿದ ಮೇಲೆ ಅವರೇ ಮೇಜಿನ ಪಕ್ಕ ನಿಂತು ಮಾತಿಗಿಳಿದರು. ಬೇಸ್ ಹೊರಗಿನಿಂದ ಬರುತ್ತದೆ, ಇಲ್ಲಿ ಫಿನಿಶ್ ಮಾಡುತ್ತೇವೆ ಅಂದರು. ದುಡ್ಡು ಬರುವುದು ಸಾಕೆ ಎಂಬ ಜಪಾನಿನ ಅಕ್ಕಿ ಮದ್ಯದ ಕಾಕ್‌ಟೇಲಿನಿಂದ, ರಾಮೆನ್ ಇರುವುದು ಜನ ಒಳಗೆ ಬರಲಿ ಅಂತ. ಬರೀ ರಾಮೆನ್ ತಿಂದು ನೀರು ಕುಡಿದು ಹೋಗುವ ನಮ್ಮಂಥವರು ಅವರ ಲೆಕ್ಕಕ್ಕೆ ಬೇಕಾದ ಗಿರಾಕಿಗಳೇ ಅಲ್ಲ, ಅಲ್ವಾ? ನಿಮ್ಮದೇ ಹೋಟೆಲಾಗಿದ್ದರೆ ಏನು ಮಾಡುತ್ತಿದ್ದಿರಿ ಅಂತ ಗೆಳೆಯ ಕೇಳಿದ. ಅವರು ತಡವರಿಸಲಿಲ್ಲ. ಒಂದು ಚಿಕನ್ ಸಾರು, ಒಂದು ವೆಜ್ ಸಾರು, ಗ್ಯೋಜಾ, ಹದಿನೈದು ಸೀಟು. ಮಾಲೀಕರಿಗೆ ಹೇಳಿಯೂ ನೋಡಿದ್ದಾರಂತೆ. ಹದಿನೈದು ಸೀಟಿನ ಜಾಗಕ್ಕೆ ಯಾರೂ ಪಾರ್ಟಿ ಬುಕ್ ಮಾಡುವುದಿಲ್ಲ ಅಂದರಂತೆ.

ದೂರು ಕೊಡಬೇಕಾ ಬೇಡವಾ ಅಂತ ಕಾರಿನಲ್ಲಿ ಚರ್ಚೆ ನಡೆಯಿತು. ಗೆಳೆಯನಿಗೆ ಬೇಡ ಅನ್ನಿಸಿತು. ಬಾಟಲಿ ತಂದು ತೋರಿಸಿದರು, ದುಡ್ಡು ಬಿಟ್ಟರು, ಇನ್ನೇನು? ಏಟು ಬೀಳುವುದು ಆ ಮ್ಯಾನೇಜರಿಗೇ, ಮಾಲೀಕರಿಗಲ್ಲ ಅನ್ನುವುದು ಅವನ ವಾದ. ಅದರಲ್ಲಿ ಹುರುಳಿಲ್ಲ ಅನ್ನಲಾರೆ. ತಂಗಿ ಒಪ್ಪಲಿಲ್ಲ. ದುಡ್ಡು ವಾಪಸ್ ಬಂದರೆ ಕುಡಿದದ್ದು ವಾಪಸ್ ಬರುತ್ತಾ ಅಂತ ಕೇಳಿದಳು. ತಾನು ಕೇಳಿದ ಪ್ರಶ್ನೆಗೆ ಗೊತ್ತಿಲ್ಲ ಅಂದಿದ್ದರೂ ಸಾಕಿತ್ತು, ಗೊತ್ತಿಲ್ಲದೆ ಇಲ್ಲ ಅಂದರು, ಅದೇ ತಪ್ಪು ಅಂದಳು. ನನಗೂ ಅವಳ ಮಾತೇ ಸರಿ ಅನ್ನಿಸಿತು. ಮರುದಿನ 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, ಫೋನ್ ಮಾಡಿ ದೂರು ಬರೆಸಿದಳು. ದೂರಿನಲ್ಲಿ ಇರುವುದು ಹಸಿರು ಚುಕ್ಕಿ ಮತ್ತು ಕಂದು ತ್ರಿಕೋನದ ವಿಷಯ ಮಾತ್ರ. ತಣ್ಣನೆಯ ಸಾರು, ಮುದ್ದೆ ನೂಡಲ್ಸ್, 895 ರೂಪಾಯಿ ಇವಕ್ಕೆಲ್ಲ ಅಲ್ಲಿ ಜಾಗವಿಲ್ಲ. ಬೆಲೆ ಮೆನುವಿನಲ್ಲಿ ಮೊದಲೇ ಬರೆದಿತ್ತು.